ಬಿಗಿ ಜಡೆ ಹಾಕಿದರೆ ಕೂದಲು ಬೇಗ ಉದ್ದ ಬರುತ್ತದೆಯೇ? ಉದ್ದ ಕೂದಲಿನವರು ದಿನವೂ ಹೇಗೆ ಕಟ್ಟಿಕೊಳ್ಳಬೇಕು?

ರಾತ್ರಿ ಮಲಗುವ ಮುನ್ನ ಕೂದಲನ್ನು ಬಿಗಿಯಾಗಿ ಹೆಣೆದರೆ ಅದು ಬೇಗ ಬೆಳೆಯುತ್ತದೆ ಎಂಬ ಅರ್ಥದ ಸಂದೇಶಗಳು ವಾಟ್ಸಾಪ್ ಗ್ರೂಪುಗಳಲ್ಲಿ ಆಗಾಗ ಓಡಾಡುತ್ತವೆ. ಇದಕ್ಕೆ ಜೊತೆಯಾಗಿ ಈಗ ರೀಲ್ಸ್ ಬಂದಿದೆ. ಅಲ್ಲಿ ಇದರ ಹೆಸರು 'ಪ್ರೊಟೆಕ್ಟಿವ್ ಹೇರ್‌ಸ್ಟೈಲ್', ಅಂದರೆ ಕೂದಲನ್ನು ಕಾಯುವ ಕಟ್ಟು. ನಮ್ಮ ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆ ಇದನ್ನು ಹೇಳಲು ಫೋನೇನೂ ಬೇಕಿರಲಿಲ್ಲ. "ಬಿಗಿ ಜಡೆ ಹಾಕಿರೆ ಕೂದ್ಲು ಉದ್ದ ಬತ್ತು ಕೂಸೆ" ಎಂದು ಅಮ್ಮಮ್ಮಂದಿರು ಎಣ್ಣೆ ಬಟ್ಟಲು ಹಿಡಿದು ಕೂತಾಗಲೇ ಹೇಳುತ್ತಿದ್ದರು.

ಈ ಮಾತಿನಲ್ಲಿ ಅರ್ಧ ನಿಜವಿದೆ. ಉಳಿದರ್ಧ ಸುಳ್ಳು ಮಾತ್ರವಲ್ಲ, ಅದರಿಂದ ತೊಂದರೆಯೂ ಇದೆ. ಹಣೆಯ ಅಂಚಿನ ಕೂದಲು ಶಾಶ್ವತವಾಗಿ ಹೋಗುವುದಕ್ಕೆ ಬಿಗಿ ಕಟ್ಟು ಒಂದು ಗೊತ್ತಿರುವ ಕಾರಣ. ಹಾಗಾಗಿ ಇದನ್ನು ಸ್ವಲ್ಪ ವಿವರವಾಗಿ ನೋಡೋಣ.

ಕೂದಲು ಬೆಳೆಯುವುದು ಬುಡದಲ್ಲಿ, ಹಾಳಾಗುವುದು ತುದಿಯಲ್ಲಿ

ನಮಗೆ ಕಾಣುವ ಕೂದಲಿನಲ್ಲಿ ಜೀವವಿಲ್ಲ. ಅದು ಕೆರಾಟಿನ್ ಎಂಬ ಪ್ರೋಟೀನಿನ ಎಳೆ, ಉಗುರಿನ ಹಾಗೆಯೇ. ಜೀವವಿರುವುದು ಚರ್ಮದ ಒಳಗಿರುವ ಬುಡದಲ್ಲಿ, ಅಂದರೆ ಕೋಶಕದಲ್ಲಿ. ತಲೆಯ ಮೇಲೆ ಸುಮಾರು 1 ಲಕ್ಷ ಕೂದಲಿರುತ್ತವೆ. ಒಂದೊಂದೂ ತಿಂಗಳಿಗೆ ಹೆಚ್ಚುಕಡಿಮೆ 1 ಸೆಂಟಿಮೀಟರ್ ಬೆಳೆಯುತ್ತದೆ. ಈ ಬೆಳವಣಿಗೆ 2ರಿಂದ 6 ವರ್ಷ ನಡೆಯುತ್ತದೆ, ಕೆಲವರಲ್ಲಿ ಇನ್ನೂ ಹೆಚ್ಚು ಕಾಲ. ಆಮೇಲೆ ಬುಡ ಎರಡು ಮೂರು ವಾರದಲ್ಲಿ ಕುಗ್ಗಿ, ಸುಮಾರು 3 ತಿಂಗಳು ವಿಶ್ರಾಂತಿಯಲ್ಲಿದ್ದು, ಹಳೆಯ ಕೂದಲನ್ನು ಉದುರಿಸಿ ಹೊಸದನ್ನು ಶುರುಮಾಡುತ್ತದೆ. ಒಬ್ಬರ ಕೂದಲು ಭುಜಕ್ಕೇ ನಿಲ್ಲುವುದಕ್ಕೂ ಇನ್ನೊಬ್ಬರದು ಮೊಣಕಾಲು ಮುಟ್ಟುವುದಕ್ಕೂ ಮುಖ್ಯ ಕಾರಣ ಈ ಬೆಳವಣಿಗೆಯ ಅವಧಿ. ಅದು ಬಹುಪಾಲು ಅನುವಂಶೀಯ. ಜಡೆ ಹೆಣೆದು ಅದನ್ನು ಹೆಚ್ಚಿಸಲು ಬರುವುದಿಲ್ಲ. ತುದಿ ಕತ್ತರಿಸಿದರೆ ಬೇಗ ಬೆಳೆಯುತ್ತದೆ ಎಂಬುದೂ ಅಷ್ಟೇ. ತುದಿಗೆ ಕತ್ತರಿ ಬಿದ್ದದ್ದು ಬುಡಕ್ಕೆ ತಿಳಿಯುವ ದಾರಿಯೇ ಇಲ್ಲ. ಬೋಳಿಸಿದರೆ ದಪ್ಪಗೆ ಬರುತ್ತದೆ ಎಂಬ ನಂಬಿಕೆಯನ್ನು ಅಮೆರಿಕದ ಮಿಲ್‌ಡ್ರೆಡ್ ಟ್ರಾಟರ್ 1928ರಲ್ಲೇ ಅಳೆದು ನೋಡಿ, ಹಾಗೇನಿಲ್ಲ ಎಂದು ತೋರಿಸಿದ್ದರು.

ಹಾಗಾದರೆ ಅರ್ಧ ನಿಜ ಎಂದದ್ದು ಯಾವುದು? ಲೆಕ್ಕ ಹಾಕಿ ನೋಡಿ. ತಿಂಗಳಿಗೆ 1 ಸೆಂಟಿಮೀಟರ್ ಎಂದರೆ ವರ್ಷಕ್ಕೆ 12. ಎಸ್ಸೆಸ್ಸೆಲ್ಸಿ ಓದುವ ಹುಡುಗಿಯ ಕೂದಲು 72 ಸೆಂಟಿಮೀಟರ್ ಇದ್ದರೆ ಅದರ ತುದಿಗೆ 6 ವರ್ಷ ವಯಸ್ಸು. ಅವಳು ನಾಲ್ಕನೇ ಕ್ಲಾಸಿನಲ್ಲಿದ್ದಾಗ ಹುಟ್ಟಿದ ಭಾಗ ಅದು. ಆರು ವರ್ಷದ ಬಿಸಿಲು, ಬಾಚಣಿಕೆ, ಶಾಂಪೂ, ದಿಂಬಿನ ಉಜ್ಜಾಟ ಎಲ್ಲವನ್ನೂ ಅದು ಕಂಡಿದೆ. ಕೂದಲಿನ ಹೊರಮೈಯಲ್ಲಿ ಹೆಂಚು ಹೊದಿಸಿದಂತೆ ಒಂದರ ಮೇಲೊಂದು ಪದರಗಳಿರುತ್ತವೆ. ತುದಿಯ ಕಡೆ ಬರುತ್ತಾ ಈ ಹೆಂಚುಗಳು ಸವೆದು, ಎದ್ದು, ಕೆಲವೆಡೆ ಪೂರ್ತಿ ಹಾರಿಹೋಗಿರುತ್ತವೆ. ಅಲ್ಲಿ ಸೀಳು ಬಿದ್ದು ಕೂದಲು ತುಂಡಾಗುತ್ತದೆ. ಬುಡದಲ್ಲಿ ತಿಂಗಳಿಗೆ 1 ಸೆಂಟಿಮೀಟರ್ ಬೆಳೆದು ತುದಿಯಲ್ಲಿ ಅಷ್ಟೇ ಮುರಿದರೆ ಉದ್ದ ಇದ್ದಲ್ಲೇ ಇರುತ್ತದೆ. ಜಡೆ ಹಾಕಿದಾಗ ಗಾಳಿಗೆ ಸಿಕ್ಕು ಬೀಳುವುದು, ಬಟ್ಟೆಗೆ ಉಜ್ಜುವುದು, ಪದೇಪದೇ ಬಾಚುವುದು ಕಡಿಮೆಯಾಗುತ್ತದೆ. ಆದ್ದರಿಂದ ಮುರಿಯುವುದೂ ಕಡಿಮೆ. ಕೂದಲು 'ಬೆಳೆದಂತೆ' ಕಾಣುವುದು ಹೀಗೆ. ಈ ಕೆಲಸಕ್ಕೆ ಜಡೆ ಸಾಕು, ಬಿಗಿ ಬೇಕಿಲ್ಲ.

ಎಳೆತದ ಲೆಕ್ಕ

ಬಿಗಿಯಾಗಿ ಎಳೆದು ಕಟ್ಟಿದ ಕೂದಲು ಇಡೀ ದಿನ ಬುಡವನ್ನು ಎಳೆಯುತ್ತಲೇ ಇರುತ್ತದೆ. ತಿಂಗಳುಗಟ್ಟಲೆ, ವರ್ಷಗಟ್ಟಲೆ ಹೀಗಾದರೆ ಬುಡದ ಸುತ್ತ ಉರಿಯೂತ ಬಂದು ಕೂದಲು ಉದುರಲು ಶುರುವಾಗುತ್ತದೆ. ಇದಕ್ಕೆ ವೈದ್ಯರ ಭಾಷೆಯಲ್ಲಿ 'ಟ್ರ್ಯಾಕ್ಷನ್ ಅಲೋಪೇಷಿಯಾ' ಎಂದು ಹೆಸರು. ನಾವು ಎಳೆತದ ಬೋಳು ಎನ್ನಬಹುದು. ಹೊಸ ಕಾಯಿಲೆಯೇನಲ್ಲ. 1907ರಲ್ಲಿ ಆಸ್ಟ್ರಿಯಾದ ಟ್ರೆಬಿಚ್ ಎಂಬುವರು ಗ್ರೀನ್‌ಲ್ಯಾಂಡಿನ ಹೆಂಗಸರಲ್ಲಿ ಇದನ್ನು ಗುರುತಿಸಿ ಬರೆದಿದ್ದರು. ಅಲ್ಲಿನವರು ಕೂದಲನ್ನೆಲ್ಲ ನೆತ್ತಿಯ ಮೇಲಕ್ಕೆ ಎಳೆದು ಬಿಗಿ ಗಂಟು ಕಟ್ಟುತ್ತಿದ್ದರು, ಅಂಚಿನ ಕೂದಲು ಹೋಗುತ್ತಿತ್ತು. ಕೂದಲು ಕತ್ತರಿಸದೆ ಬಿಗಿಯಾಗಿ ಗಂಟು ಕಟ್ಟುವ ಸಿಖ್ ಪುರುಷರಲ್ಲೂ ಇದು ವೈದ್ಯಕೀಯ ಪತ್ರಿಕೆಗಳಲ್ಲಿ ದಾಖಲಾಗಿದೆ. ದಕ್ಷಿಣ ಆಫ್ರಿಕಾದಲ್ಲಿ ನೊನ್‌ಹ್ಲಾನ್‌ಹ್ಲಾ ಖುಮಾಲೊ ಮತ್ತು ಸಂಗಡಿಗರು ಶಾಲಾ ಹುಡುಗಿಯರ ತಲೆ ಪರೀಕ್ಷಿಸಿದಾಗ, ಆರೇಳು ವರ್ಷದ ಮಕ್ಕಳಲ್ಲೇ ಇದು ಶುರುವಾಗಿರುವುದು ಕಂಡಿತು.

ಇಲ್ಲೊಂದು ಮಾತು ಹೇಳಬೇಕು. ರೀಲ್ಸ್‌ನ 'ಪ್ರೊಟೆಕ್ಟಿವ್ ಹೇರ್‌ಸ್ಟೈಲ್' ಎಂಬ ಮಾತು ಬಂದದ್ದು ಆಫ್ರಿಕನ್ ಮೂಲದ ಜನರಿಂದ. ಸ್ಪ್ರಿಂಗಿನಂತೆ ಸುರುಳಿ ಸುತ್ತುವ ಅವರ ಕೂದಲು ಬಾಚುವಾಗ ಬೇಗ ತುಂಡಾಗುತ್ತದೆ. ಹಾಗಾಗಿ ಸಣ್ಣಸಣ್ಣ ಜಡೆ ಹೆಣೆದು ವಾರಗಟ್ಟಲೆ ಬಿಡುವ ಪದ್ಧತಿ ಬೆಳೆಯಿತು. ಅದೇ ಪದ್ಧತಿಯಲ್ಲಿ ಜಡೆ ಬಿಗಿಯಾದಾಗ, ಕೃತಕ ಕೂದಲು ಸೇರಿಸಿ ಭಾರವಾದಾಗ ಎಳೆತದ ಬೋಳು ಬರುವುದನ್ನೂ ಅವರ ನಡುವಿನ ವೈದ್ಯರೇ ಎಚ್ಚರಿಸುತ್ತಿದ್ದಾರೆ. ನಮ್ಮ ಕೂದಲು ಬೇರೆ ಬಗೆಯದು, ಅಷ್ಟು ಬಿಗಿಯ ಅಗತ್ಯವೂ ಇಲ್ಲ. ರೀಲ್ಸ್ ನೋಡಿ ತಲೆತುಂಬ ಸಣ್ಣ ಜಡೆ ಹೆಣೆಸಿಕೊಂಡು ಎರಡು ವಾರ ಬಿಡುವುದು ನಮಗೆ ಸಲ್ಲದ ಉಪಚಾರ ಎಂದೇ ನಮ್ಮ ಅಭಿಪ್ರಾಯ.

ಗುರುತಿಸುವುದು ಕಷ್ಟವಲ್ಲ. ಜಡೆ ಹಾಕಿದಾಗ ನೋವಾಗುವುದು ಮೊದಲ ಸೂಚನೆ. ಕೂದಲಿನ ಬುಡದಲ್ಲಿ ಚರ್ಮ ಸಣ್ಣ ಗುಡಾರದಂತೆ ಎದ್ದು ಕಾಣುವುದು, ಕೆಂಪು ಗುಳ್ಳೆ ಏಳುವುದು, ಜಡೆ ಬಿಚ್ಚಿದ ಕೂಡಲೇ ತಲೆ ಹಗುರಾಗುವುದು ಇವೂ ಅದರದ್ದೇ ಗುರುತು. (ಪೋನಿಟೇಲ್ ಕಟ್ಟುವ 93 ಮಹಿಳೆಯರನ್ನು ಕೇಳಿ 2004ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಅದರಿಂದ ತಲೆನೋವು ಬರುತ್ತದೆ ಎಂದಿದ್ದರು. ಪಾಪ, ಎಷ್ಟು ಜನ ಅದಕ್ಕೆ ಮಾತ್ರೆ ನುಂಗಿದ್ದರೋ.) ನಂತರ ಹಣೆಯ ಅಂಚು, ಕಿವಿಯ ಮುಂಭಾಗದ ಕೂದಲು ತೆಳುವಾಗುತ್ತದೆ. ಎಷ್ಟೋ ಸಲ ಅಂಚಿನಲ್ಲಿ ನವಿರಾದ ಪುಟ್ಟ ಕೂದಲಿನ ಗೆರೆಯೊಂದು ಉಳಿದು, ಅದರ ಹಿಂದೆ ಖಾಲಿ ಜಾಗ ಕಾಣುತ್ತದೆ. ಈ ಹಂತದಲ್ಲಿ ಕಟ್ಟು ಸಡಿಲಿಸಿದರೆ ಕೂದಲು ಮರಳಿ ಬರುತ್ತದೆ. ಗಮನಿಸದೆ ವರ್ಷಗಳು ಕಳೆದರೆ ಕೋಶಕದ ಜಾಗದಲ್ಲಿ ಗಾಯದ ಕಲೆಯಂತಹ ಅಂಗಾಂಶ ತುಂಬಿಕೊಳ್ಳುತ್ತದೆ. ಅಲ್ಲಿ ಮತ್ತೆ ಕೂದಲು ಹುಟ್ಟುವುದಿಲ್ಲ. ಯಾವ ಎಣ್ಣೆಯಿಂದಲೂ ಇಲ್ಲ.

ಯಾವ ಕಟ್ಟು, ಎಲ್ಲಿ, ಎಷ್ಟು ಹೊತ್ತು

ದಿನಬಳಕೆಗೆ ಒಂದೇ ಸಡಿಲ ಜಡೆಯನ್ನು ಮೀರಿಸುವುದು ಇಲ್ಲ. ಕತ್ತಿನ ಹತ್ತಿರ ಶುರುವಾಗುವ ಮೂರೆಳೆಯ ಜಡೆ, ತುದಿಯಲ್ಲಿ ಬಟ್ಟೆ ಸುತ್ತಿದ ಬ್ಯಾಂಡು. ಎಳೆತ ಹಿಂಭಾಗದಲ್ಲಿ ಹಂಚಿಹೋಗುತ್ತದೆ, ಹಣೆಯ ಅಂಚಿಗೆ ಭಾರ ಬೀಳುವುದಿಲ್ಲ. ಎತ್ತರದ ಪೋನಿಟೇಲ್‌ನಲ್ಲಿ ಇದಕ್ಕೆ ತದ್ವಿರುದ್ಧ. ಇಡೀ ಕೂದಲಿನ ತೂಕ ಒಂದೇ ಬಿಂದುವಿನಿಂದ ನೇತಾಡುತ್ತದೆ, ಹಣೆ ಮತ್ತು ಕಿವಿಯ ಪಕ್ಕದ ಕೂದಲು ಅದನ್ನು ಹೊರುತ್ತದೆ. ಬರಿಯ ರಬ್ಬರ್ ಬ್ಯಾಂಡಂತೂ ಬೇಡವೇ ಬೇಡ. ಬಿಚ್ಚುವಾಗ ಅದಕ್ಕೆ ಸುತ್ತಿಕೊಂಡು ಬರುವ ಕೂದಲನ್ನು ನೀವೇ ನೋಡಿದ್ದೀರಿ.

ಹಳೆಯ ಹೆಂಗಸರು ಕೂದಲನ್ನೇ ಸುತ್ತಿ ಕತ್ತಿನ ಹಿಂದೆ ಹಾಕುತ್ತಿದ್ದ ತುರುಬು ನಿಜಕ್ಕೂ ಒಳ್ಳೆಯ ಕಟ್ಟು. ತುದಿಗಳು ಒಳಗೆ ಅಡಗಿರುತ್ತವೆ, ರಬ್ಬರು ಇಲ್ಲ, ಗಂಟು ತನಗೆ ತಾನೇ ಸಡಿಲುತ್ತಿರುತ್ತದೆ. ಈಗಿನ ಕ್ಲಚ್ ಕ್ಲಿಪ್ಪೂ ಬಹುಮಟ್ಟಿಗೆ ಇದೇ ಕೆಲಸ ಮಾಡುತ್ತದೆ. ದಟ್ಟ ಕೂದಲಿನವರ ತುರುಬು ಮಾತ್ರ ಭಾರ. ಅದೇ ಜಾಗದಲ್ಲಿ ವರ್ಷಗಟ್ಟಲೆ ಕೂರಿಸುವ ಬದಲು ಒಂದು ದಿನ ತುರುಬು, ಒಂದು ದಿನ ಜಡೆ ಎಂದು ಬದಲಿಸುವುದು ಒಳ್ಳೆಯದು. ಬೈತಲೆಯನ್ನೂ ಹಾಗೆಯೇ ಆಗಾಗ ಆಚೀಚೆ ಸರಿಸಿ. ಮದುವೆಯ ದಿನ ಮೊಗ್ಗಿನ ಜಡೆ, ಚೌರಿ, ದಂಡೆ ಎಲ್ಲ ಮುಡಿದು ತಲೆ ಭಾರವಾದರೆ ಚಿಂತೆಯಿಲ್ಲ, ಒಂದು ದಿನದ್ದು. ವಾರಕ್ಕೆ ಮೂರು ದಿನ ನೃತ್ಯ ತರಗತಿಗೆ ಬಿಗಿ ಜಡೆ ಹಾಕುವ ಮಕ್ಕಳ ಹಣೆಯಂಚನ್ನು ಮಾತ್ರ ಆಗಾಗ ನೋಡುತ್ತಿರಬೇಕು.

ಸ್ಕೂಟರ್ ಓಡಿಸುವವರು ಹೆಲ್ಮೆಟ್ ಒಳಗೆ ಎತ್ತರದ ತುರುಬು ಸೇರಿಸಲು ಹೋಗಬೇಡಿ. ಹೆಲ್ಮೆಟ್ ತಲೆಗೆ ಸರಿಯಾಗಿ ಕೂರದಿದ್ದರೆ ಅಪಘಾತದಲ್ಲಿ ಅದರಿಂದ ಉಪಯೋಗವಿಲ್ಲ. ಕತ್ತಿನ ಬಳಿ ಜಡೆ ಹಾಕಿ, ಅದನ್ನು ಅಂಗಿಯ ಅಥವಾ ಜಾಕೆಟ್ಟಿನ ಒಳಗೆ ಬಿಟ್ಟುಕೊಳ್ಳಿ.

ಶಾಲೆಯ ವಿಷಯವನ್ನು ಬೇರೆಯಾಗಿ ಹೇಳಬೇಕಿದೆ. ಎರಡು ಜಡೆ ಹೆಣೆದು, ಮಡಚಿ, ಟೇಪು ಕಟ್ಟಿಕೊಂಡು ಬರಬೇಕೆಂಬ ನಿಯಮ ನಮ್ಮ ಬಹಳ ಶಾಲೆಗಳಲ್ಲಿದೆ. ಅದಕ್ಕೆ ಕಾರಣವೂ ಇದೆ. ಹೇನು ಹಾರುವುದಿಲ್ಲ, ನೆಗೆಯುವುದಿಲ್ಲ, ಒಂದು ತಲೆಯ ಕೂದಲು ಇನ್ನೊಂದಕ್ಕೆ ತಾಗಿದಾಗ ಹರಿದು ಹೋಗುತ್ತದೆ. ಕೂದಲು ಕಟ್ಟಿಕೊಂಡರೆ ಆ ಅವಕಾಶ ಕಡಿಮೆ. ಆದರೆ ಕಟ್ಟಬೇಕು ಎಂಬುದು ಎಳೆದು ಕಟ್ಟಬೇಕು ಎಂದಾಗುವುದು ಮನೆಯಲ್ಲಿ, ಬೆಳಿಗ್ಗೆ ಬಸ್ಸಿಗೆ ಹೊತ್ತಾದಾಗ. ಸಂಜೆಯವರೆಗೆ ಒಂದು ಕೂದಲೂ ಎದ್ದು ಕಾಣಬಾರದು ಎಂದು ಆಯಿ ಎಣ್ಣೆ ಹಚ್ಚಿ ಎಳೆದು ಹೆಣೆಯುತ್ತಾಳೆ, ಮಗಳು ಹುಬ್ಬು ಮೇಲೆತ್ತಿಕೊಂಡೇ ಬಸ್ ಹತ್ತುತ್ತಾಳೆ. ಒಂದನೇ ಕ್ಲಾಸಿನಿಂದ ಹತ್ತನೇ ಕ್ಲಾಸಿನವರೆಗೆ ಇದು 10 ವರ್ಷ. ಮಗು ನೋವೆಂದರೆ "ಅಷ್ಟಕ್ಕೆಲ್ಲ ಅಳ್ತಾರಾ" ಎನ್ನುವ ಬದಲು ಬಿಚ್ಚಿ ಇನ್ನೊಮ್ಮೆ ಸಡಿಲವಾಗಿ ಹೆಣೆಯಿರಿ. ಮನೆಗೆ ಬಂದ ಕೂಡಲೇ ಜಡೆ ಬಿಚ್ಚಲಿ. ಸಂಜೆ ನಾಲ್ಕು ಕೂದಲು ಕೆದರಿದ್ದನ್ನು ಅಶಿಸ್ತು ಎಂದು ನೋಡದಿದ್ದರೆ ಶಿಕ್ಷಕರಿಂದ ಅದೇ ದೊಡ್ಡ ಸಹಾಯ.

ಮಳೆಗಾಲದ ಒದ್ದೆ ಜಡೆ

ನಮ್ಮ ಕಡೆಯ ಕೂದಲಿನ ಕಷ್ಟ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ. ಬಟ್ಟೆಯೇ ಒಣಗದ ದಿನಗಳಲ್ಲಿ ಸೊಂಟದುದ್ದ ಕೂದಲು ಒಣಗುವುದೆಲ್ಲಿಂದ? ತಲೆಗೆ ಸ್ನಾನ ಮಾಡಿ, ಒದ್ದೆ ಕೂದಲಿಗೇ ಜಡೆ ಹಾಕಿ, ಮೇಲೊಂದು ಹೂ ಮುಡಿದು ಓಡುವುದೇ ಹೆಚ್ಚು. ಇದರಿಂದ ಶೀತವಾಗುತ್ತದೆ ಎಂಬುದು ಸರಿಯಲ್ಲ, ಶೀತ ತರುವುದು ವೈರಸ್. ಆದರೆ ಬೇರೆ ಎರಡು ತೊಂದರೆಗಳಿವೆ.

ಮೊದಲನೆಯದು, ನೀರು ಹೀರಿದ ಕೂದಲು ಮೆತ್ತಗಾಗಿ ಹೆಚ್ಚು ಹಿಗ್ಗುತ್ತದೆ. ಕೆರಾಟಿನ್ ಎಳೆಗಳನ್ನು ಹಿಡಿದಿಟ್ಟ ಹೈಡ್ರೋಜನ್ ಬಂಧಗಳು ನೀರಿನಲ್ಲಿ ಬಿಡುತ್ತವೆ. ಆಗ ಎಳೆದು ಬಾಚಿದರೆ, ಬಿಗಿದರೆ ಅದು ಮರಳದಷ್ಟು ಹಿಗ್ಗಿ ತುಂಡಾಗುತ್ತದೆ. ನೇರ ಕೂದಲಿನವರು ಮುಕ್ಕಾಲು ಒಣಗಿದ ಮೇಲೆ, ಅಗಲ ಹಲ್ಲಿನ ಬಾಚಣಿಕೆಯಿಂದ, ತುದಿಯಿಂದ ಶುರುಮಾಡಿ ಮೇಲಕ್ಕೆ ಬಾಚಬೇಕು. ಗುಂಗುರು ಕೂದಲಿನವರಿಗೆ ನಿಯಮ ತಿರುಗುಮುರುಗು. ಒಣಗಿದ ಮೇಲೆ ಬಾಚಿದರೆ ಅವರದು ಹೆಚ್ಚು ಮುರಿಯುತ್ತದೆ, ಕಂಡೀಷನರ್ ಅಥವಾ ಗೊಂಪು ಇರುವಾಗಲೇ ಬಿಡಿಸಿಕೊಳ್ಳುವುದು ಮೇಲು. ದಾಸವಾಳದ ಸೊಪ್ಪನ್ನೋ ಮತ್ತಿಸೊಪ್ಪನ್ನೋ ನೀರಲ್ಲಿ ಕಿವುಚಿ ತೆಗೆಯುವ ಗೊಂಪಿನ ಲೋಳೆ ಕೂದಲಿನ ಮೇಲೆ ಜಾರುವ ಪದರವಾಗಿ ಕೂತು ಉಜ್ಜಾಟ ಕಡಿಮೆ ಮಾಡುತ್ತದೆ. ಬುಡದಿಂದ ಹೊಸ ಕೂದಲು ಹುಟ್ಟಿಸುವ ಶಕ್ತಿ ಅದಕ್ಕಿದೆ ಎಂಬ ಫಾರ್ವರ್ಡ್ ಮಾತ್ರ ಬೇಡ.

ಎರಡನೆಯದು ಬೂಷ್ಟು. ಒದ್ದೆ ಕೂದಲನ್ನು ಕಟ್ಟಿ ಇಟ್ಟಾಗ ಬರುವ 'ವೈಟ್ ಪೀಡ್ರಾ' ಎಂಬ ಶಿಲೀಂಧ್ರ ಸೋಂಕು ನಮ್ಮ ದೇಶದಲ್ಲೂ, ಮುಖ್ಯವಾಗಿ ಉದ್ದ ಕೂದಲಿನ ಹೆಣ್ಣುಮಕ್ಕಳಲ್ಲಿ, ವರದಿಯಾಗಿದೆ. ಕೂದಲಿನ ಉದ್ದಕ್ಕೂ ಬಿಳಿಯ ಮೆತ್ತನೆಯ ಸಣ್ಣ ಗಂಟುಗಳಾಗುತ್ತವೆ. ಮನೆಯವರು ಸೀರು ಎಂದು ತಿಳಿದು ಹೇನಿನ ಔಷಧಿ ಹಾಕುತ್ತಾರೆ, ಹೋಗುವುದಿಲ್ಲ. ಬೆರಳಲ್ಲಿ ಹಿಡಿದು ಎಳೆದಾಗ ಸೀರು ಕೂದಲಿಗೆ ಗಟ್ಟಿಯಾಗಿ ಅಂಟಿರುತ್ತದೆ, ಈ ಗಂಟು ಜಾರಿ ಬರುತ್ತದೆ. ಚರ್ಮರೋಗ ವೈದ್ಯರು ಸುಲಭವಾಗಿ ಗುರುತಿಸಿ ಔಷಧಿ ಕೊಡುತ್ತಾರೆ.

ಒಣಗಿಸುವುದು ಹೇಗೆ? ಟವೆಲಿನಲ್ಲಿ ಉಜ್ಜದೆ, ಹಳೆಯ ಹತ್ತಿ ಬಟ್ಟೆಯಲ್ಲಿ ಒತ್ತಿ ನೀರು ತೆಗೆಯಿರಿ. ಬಚ್ಚಲ ಒಲೆಯ ಮುಂದೆ ಕೂರುವುದು ನಮ್ಮ ಕಡೆಯ ಹಳೆಯ ಉಪಾಯ, ಕಿಡಿ ಹಾರುವ ದೂರದಲ್ಲಿ ಕೂರದಿದ್ದರೆ ಆಯಿತು. ಹೇರ್ ಡ್ರೈಯರ್ ಎಂದರೆ ಕೂದಲಿಗೆ ಶತ್ರು ಎಂಬ ಮಾತಿದೆ. ಕೊರಿಯಾದಲ್ಲಿ 2011ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ, 15 ಸೆಂಟಿಮೀಟರ್ ದೂರದಿಂದ ಒಂದೇ ಕಡೆ ನಿಲ್ಲಿಸದೆ ಆಡಿಸುತ್ತಾ ಒಣಗಿಸಿದಾಗ ಹಾನಿ ಕಡಿಮೆಯೇ ಇತ್ತು. ಬದಲಿಗೆ ತಾನಾಗಿ ಒಣಗಲು ಬಿಟ್ಟ, ಅಂದರೆ ಬಹಳ ಹೊತ್ತು ಒದ್ದೆ ಉಳಿದ ಕೂದಲಿನ ಒಳಪದರದಲ್ಲಿ ಹಾನಿ ಕಂಡಿತು. ಕತ್ತರಿಸಿದ ಕೂದಲಿನ ಮೇಲೆ ಮಾಡಿದ ಒಂದು ಪ್ರಯೋಗ ಇದು, ಅದನ್ನೇ ಕೊನೆಯ ಮಾತು ಮಾಡಬೇಕಿಲ್ಲ. ಆಷಾಢದಲ್ಲಿ ಡ್ರೈಯರ್ ಬಳಸುವ ಸೊಸೆಯನ್ನು ಬಯ್ಯಲು ಕಾರಣವಿಲ್ಲ ಎಂಬಷ್ಟಕ್ಕೆ ಸಾಕು.

ಬೆಟ್ಟಕ್ಕೆ ಹೋಗುವಾಗ, ಯಂತ್ರದ ಹತ್ತಿರ ಇರುವಾಗ

ಕೂದಲು ಕಟ್ಟುವುದು ಕೂದಲನ್ನು ಕಾಯಲು ಮಾತ್ರವಲ್ಲ. ಸೊಪ್ಪು, ದರಕು ತರಲು ಬೆಟ್ಟಕ್ಕೆ ಹೋಗುವವರಿಗೆ ಇದು ಗೊತ್ತು. ಮಂಗನ ಕಾಯಿಲೆ 1957ರಲ್ಲಿ ಮೊದಲು ಪತ್ತೆಯಾದ ಕ್ಯಾಸನೂರು ಇರುವುದು ಪಕ್ಕದ ಸೊರಬ ತಾಲೂಕಿನಲ್ಲಿ. ಸಿದ್ದಾಪುರ ತಾಲೂಕಿನಲ್ಲಿ 2019ರಲ್ಲೂ 2024ರಲ್ಲೂ ಪ್ರಕರಣಗಳು ಕಂಡಿವೆ. ಅದನ್ನು ಹರಡುವ ಉಣುಗು ಡಿಸೆಂಬರ್‌ನಿಂದ ಮೇವರೆಗೆ ಹೆಚ್ಚು. ಇಳಿಬಿಟ್ಟ ಕೂದಲು ಗಿಡಗಳಿಗೆ ತಾಗುತ್ತದೆ, ಕೂದಲಿನ ಅಂಚು ಮತ್ತು ಕಿವಿಯ ಹಿಂಭಾಗ ಉಣುಗು ಅಡಗಲು ಅನುಕೂಲದ ಜಾಗ. ತುರುಬು ಕಟ್ಟಿ ಮೇಲೆ ಬಟ್ಟೆ ಸುತ್ತಿಕೊಂಡು ಹೋಗಿ. ಬಂದ ಮೇಲೆ ಬಿಸಿನೀರಿನ ಸ್ನಾನ ಮಾಡಿ, ಇನ್ನೊಬ್ಬರಿಂದ ಕತ್ತಿನ ಹಿಂಭಾಗ ನೋಡಿಸಿಕೊಳ್ಳಿ. ಇದು ಡೆಪಾ ತೈಲಕ್ಕೆ, ಮೈತುಂಬ ಬಟ್ಟೆಗೆ ಬದಲಿಯಲ್ಲ. ಜಡೆ ಕಟ್ಟಿದರೆ ಮಂಗನ ಕಾಯಿಲೆ ಬರುವುದಿಲ್ಲ ಎಂದು ದಯವಿಟ್ಟು ಯಾರೂ ಫಾರ್ವರ್ಡ್ ಮಾಡಬೇಡಿ.

ಅಡಿಕೆ ಸುಲಿಯುವ ಯಂತ್ರ, ಪಂಪಿನ ಬೆಲ್ಟು, ಹಿಟ್ಟಿನ ಗಿರಣಿ, ಮನೆಯ ಗ್ರೈಂಡರ್, ಇವುಗಳ ಮುಂದೆ ಬಗ್ಗಿದಾಗ ಜಡೆ ಭುಜದಿಂದ ಮುಂದಕ್ಕೆ ಜಾರುತ್ತದೆ. ತಿರುಗುವ ಭಾಗಕ್ಕೆ ಒಂದು ಕೂದಲು ಸಿಕ್ಕರೆ ಅದು ತುಂಡಾಗಬಹುದು, ಜಡೆ ಸಿಕ್ಕರೆ ಹಗ್ಗ ಸುತ್ತಿದಂತೆ ಸುತ್ತಿ ತಲೆಯ ಚರ್ಮವನ್ನೇ ಕಿತ್ತು ತರುತ್ತದೆ. ಕೈಯಿಂದ ಎಳೆದುಕೊಳ್ಳುವಷ್ಟು ಸಮಯ ಯಂತ್ರ ಕೊಡುವುದಿಲ್ಲ. ಬ್ರೆಜಿಲ್‌ನ ಅಮೆಜಾನ್ ನದಿಗಳಲ್ಲಿ ಓಡಾಡುವ ಸಣ್ಣ ದೋಣಿಗಳ ಮೋಟಾರಿನ ದಂಡಕ್ಕೆ ಕೂದಲು ಸಿಕ್ಕು ಎಷ್ಟು ಹೆಂಗಸರು, ಹುಡುಗಿಯರು ಹೀಗೆ ಗಾಯಗೊಂಡರೆಂದರೆ, ಆ ದಂಡಕ್ಕೆ ಮುಚ್ಚಳ ಕಡ್ಡಾಯ ಮಾಡಿ 2009ರಲ್ಲಿ ಅಲ್ಲಿ ಕಾನೂನೇ ಬಂತು. ಯಂತ್ರದ ಹತ್ತಿರ ಜಡೆ ಸಾಲದು. ತುರುಬು ಕಟ್ಟಿ, ಬಟ್ಟೆ ಅಥವಾ ಟೊಪ್ಪಿಯಿಂದ ಮುಚ್ಚಬೇಕು. ಶಾಲಿನ ಸೆರಗು, ಸೀರೆಯ ಸೆರಗು ಬಿಗಿದುಕೊಳ್ಳಬೇಕು. ಯಂತ್ರದ ಮಾಲೀಕರು ಬೆಲ್ಟಿಗೆ ಮುಚ್ಚಳ ಹಾಕಿಸಬೇಕು. ಕೂದಲು ಕಟ್ಟಿಲ್ಲ ಎಂದು ಕೂಲಿಗೆ ಬಂದ ಹೆಂಗಸನ್ನೇ ದೂರುವುದು ನ್ಯಾಯವಲ್ಲ.

ಅಂಥದ್ದೊಂದು ನಡೆದೇ ಹೋದರೆ ಮೊದಲು ವಿದ್ಯುತ್ ನಿಲ್ಲಿಸಿ. ಗಾಯದ ಮೇಲೆ ಶುದ್ಧ ಬಟ್ಟೆಯಿಟ್ಟು ಗಟ್ಟಿಯಾಗಿ ಒತ್ತಿ ಹಿಡಿಯಿರಿ, ತಲೆಯಿಂದ ರಕ್ತ ಬಹಳ ಹೋಗುತ್ತದೆ. ಕಿತ್ತುಬಂದ ಚರ್ಮವನ್ನು ಒದ್ದೆ ಮಾಡಿದ ಶುದ್ಧ ಬಟ್ಟೆಯಲ್ಲಿ ಸುತ್ತಿ, ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಬಾಯಿ ಕಟ್ಟಿ, ಆ ಚೀಲವನ್ನು ಮಂಜುಗಡ್ಡೆ ಹಾಕಿದ ನೀರಿನಲ್ಲಿಟ್ಟು ರೋಗಿಯ ಜೊತೆಗೇ ಕಳಿಸಿ. ಚರ್ಮಕ್ಕೆ ಮಂಜುಗಡ್ಡೆ ನೇರವಾಗಿ ತಾಗಬಾರದು. ಸೂಕ್ಷ್ಮ ಶಸ್ತ್ರಚಿಕಿತ್ಸೆಯಲ್ಲಿ ಅದನ್ನು ಮರಳಿ ಜೋಡಿಸಲು ಸಾಧ್ಯವಾಗಬಹುದು. 108ಕ್ಕೆ ಕರೆ ಮಾಡುವಾಗಲೇ ತಲೆಯ ಚರ್ಮ ಕಿತ್ತುಬಂದಿದೆ ಎಂದು ತಿಳಿಸಿ. ಘಟ್ಟದ ಮೇಲಿನವರಿಗೆ ಇಂಥ ಚಿಕಿತ್ಸೆಯ ಆಸ್ಪತ್ರೆ ಸಿಗುವುದು ಹುಬ್ಬಳ್ಳಿ, ಮಣಿಪಾಲದಂತಹ ದೂರದ ಊರುಗಳಲ್ಲಿ, ಹಾಗಾಗಿ ಒಂದೊಂದು ನಿಮಿಷವೂ ಲೆಕ್ಕಕ್ಕೆ ಬರುತ್ತದೆ.

ಎಣ್ಣೆಯ ಬಗ್ಗೆ ಎರಡು ಮಾತು

ತೆಂಗಿನೆಣ್ಣೆ ಕೂದಲಿನ ಒಳಗೆ ಇಳಿದು, ತೊಳೆಯುವಾಗ ಪ್ರೋಟೀನ್ ಸೋರಿಹೋಗುವುದನ್ನು ಕಡಿಮೆ ಮಾಡುತ್ತದೆ. ಸೂರ್ಯಕಾಂತಿ ಎಣ್ಣೆ, ಖನಿಜ ಎಣ್ಣೆ ಹಾಗೆ ಮಾಡುವುದಿಲ್ಲ ಎಂದು 2003ರ ಒಂದು ಅಧ್ಯಯನ ತೋರಿಸಿದೆ. ಅದನ್ನು ಮಾಡಿದವರು ತೆಂಗಿನೆಣ್ಣೆ ಮಾರುವ ಮಾರಿಕೊ ಕಂಪನಿಯ ಸಂಶೋಧಕರು ಎಂಬುದನ್ನೂ ನೆನಪಿಟ್ಟುಕೊಂಡು ಓದಬೇಕು. ತಲೆಗೆ ಸ್ನಾನಕ್ಕೆ ಮುನ್ನ ಕೂದಲಿನ ಉದ್ದಕ್ಕೆ ಹಚ್ಚುವುದು ಸರಿ. ಹೊಟ್ಟು ಇದ್ದವರು ಬುಡಕ್ಕೆ ಎಣ್ಣೆ ತಿಕ್ಕಿ ದಿನಗಟ್ಟಲೆ ಬಿಡುವುದು ಬೇಡ. ಹೊಟ್ಟಿಗೆ ಸಂಬಂಧಿಸಿದ ಮಲಸೇಜಿಯಾ ಎಂಬ ಶಿಲೀಂಧ್ರಕ್ಕೆ ಕೊಬ್ಬೇ ಆಹಾರ.

ಕಟ್ಟು ಬದಲಿಸಿದರೂ ಉದುರುತ್ತಿದ್ದರೆ

ದಿನಕ್ಕೆ 50ರಿಂದ 100 ಕೂದಲು ಎಲ್ಲರಿಗೂ ಉದುರುತ್ತದೆ. ಎರಡು ದಿನ ಜಡೆ ಬಿಚ್ಚದವರಿಗೆ ಮೂರನೇ ದಿನ ಅದೆಲ್ಲ ಒಟ್ಟಿಗೇ ಕೈಗೆ ಬಂದು ಗಾಬರಿಯಾಗುತ್ತದೆ, ಅಷ್ಟೇ. ಆದರೆ ಅಂಚಿನಲ್ಲಿ ಮಾತ್ರವಲ್ಲದೆ ತಲೆಯ ಎಲ್ಲ ಕಡೆಯಿಂದ ಹಿಡಿಹಿಡಿ ಬರುತ್ತಿದ್ದರೆ ಅದು ಜಡೆಯ ತಪ್ಪಲ್ಲ. ಜೋರು ಜ್ವರ, ಹೆರಿಗೆ, ಶಸ್ತ್ರಚಿಕಿತ್ಸೆ, ಊಟ ಬಿಟ್ಟು ಮಾಡಿದ ಡಯಟ್, ಇವುಗಳಾದ ಎರಡು ಮೂರು ತಿಂಗಳ ನಂತರ ಹೀಗೆ ಉದುರುವುದುಂಟು. ಹೆಚ್ಚಿನವರಲ್ಲಿ ಕೆಲವು ತಿಂಗಳಲ್ಲಿ ತಾನೇ ಸರಿಹೋಗುತ್ತದೆ. ಥೈರಾಯ್ಡ್ ತೊಂದರೆ, ಕಬ್ಬಿಣದ ಕೊರತೆಯೂ ಕಾರಣವಿರಬಹುದು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ದೇಶದ 15ರಿಂದ 49 ವರ್ಷದ ಹೆಂಗಸರಲ್ಲಿ ಶೇ 57ರಷ್ಟು ಮಂದಿಗೆ ರಕ್ತಹೀನತೆ ಇತ್ತು. ಸುಸ್ತು, ಏದುಸಿರು, ಮುಟ್ಟಿನಲ್ಲಿ ಹೆಚ್ಚು ರಕ್ತಸ್ರಾವದ ಜೊತೆಗೆ ಕೂದಲೂ ಉದುರುತ್ತಿದ್ದರೆ ದುಬಾರಿ ಎಣ್ಣೆ ತರಿಸುವ ಮೊದಲು ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಹಿಮೋಗ್ಲೋಬಿನ್ ಪರೀಕ್ಷೆ ಮಾಡಿಸಿ. ದುಂಡಗೆ ಬೋಳಾದ ಜಾಗ, ಕೀವು, ಹೊಳೆಯುವ ನುಣುಪು ಚರ್ಮ ಕಂಡರೆ ಚರ್ಮರೋಗ ವೈದ್ಯರನ್ನೇ ಕಾಣಬೇಕು. ಮಗುವಿನ ಹಣೆಯಂಚು ಹಿಂದೆ ಸರಿದಂತೆ ಅನಿಸಿದರೆ ಇವತ್ತೇ ಒಂದು ಫೋಟೋ ತೆಗೆದಿಟ್ಟುಕೊಳ್ಳಿ, ಜಡೆ ಸಡಿಲಿಸಿ, ಮೂರು ತಿಂಗಳ ನಂತರ ಇನ್ನೊಂದು ತೆಗೆದು ಹೋಲಿಸಿ. ಸುಧಾರಿಸದಿದ್ದರೆ ಎರಡೂ ಫೋಟೋ ಹಿಡಿದುಕೊಂಡು ವೈದ್ಯರ ಹತ್ತಿರ ಹೋಗಿ.